ಮೂರಂಗುಲದ ಏಟು

ಹೋದ ವಾರ ಮಾತು ಕೊಟ್ಟಂತೆ ಇದು ಹಿತ್ತಾಳೆಯ ಸರದಿ. ಹಳೆಯ ಜಿ ಬ್ಯೂಗಲ್‌ಗಳ ಒರಟು ದನಿ ಮೇಲೋ, 2000ದಲ್ಲಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ (ಡಿಸಿಐ) ಬೇರೆ ಶ್ರುತಿಯ ವಾದ್ಯಗಳಿಗೂ ಅನುಮತಿ ಕೊಟ್ಟ ಮೇಲೆ ತುಂಬಿಕೊಂಡ ಬಿ ಫ್ಲಾಟ್ ವಾದ್ಯಗಳ ನುಣುಪು ಮೇಲೋ ಎಂಬ ಜಗಳವನ್ನು ಒಂದು ದಡ ಮುಟ್ಟಿಸಬೇಕಿತ್ತು. ಅದು ಇನ್ನೊಂದು ವಾರ ಕಾಯಲಿ. ಶನಿವಾರ ರಾತ್ರಿ ಪೆನ್ಸಿಲ್ವೇನಿಯಾದ ಹೈಸ್ಕೂಲ್ ಮೈದಾನವೊಂದರಲ್ಲಿ ಆಲ್-ಏಜ್ ಕೋರ್‌ಗಳ, ಅಂದರೆ ವಯಸ್ಸಿನ ಮಿತಿಯಿಲ್ಲದೆ ಡ್ರಮ್ಮು, ಹಿತ್ತಾಳೆ ಹಿಡಿದು ಮೈದಾನದಲ್ಲಿ ನಡೆಯುತ್ತ ಬಾರಿಸುವ ತಂಡಗಳ ಸ್ಪರ್ಧೆ ನೋಡಿ ಬಂದಿದ್ದೇನೆ. ಅಲ್ಲಿ ಕೇಳಿದ ಒಂದು ಸ್ನೇರ್ ರೋಲ್ ಬೇರೆ ಏನನ್ನೂ ಬರೆಯಲು ಬಿಡುತ್ತಿಲ್ಲ.

ಈ ಅಂಕಣದ ಕಟ್ಟಳೆ ಹಳೆಯ ಓದುಗರಿಗೆ ಗೊತ್ತು. ವಾರವಿಡೀ ದುಡಿದು, ಸಿಕ್ಕ ಶನಿವಾರ ಭಾನುವಾರಗಳನ್ನು ಡ್ರಮ್ಮಿಗೆ ಕೊಡುವವರನ್ನು ಇಲ್ಲಿ ಹೆಸರು ಹಿಡಿದು ಅಳೆಯುವುದಿಲ್ಲ. ಅಂಕಪಟ್ಟಿ ಬೇಕಾದವರಿಗೆ ಅದು ಬೇರೆ ಕಡೆ ಸಿಗುತ್ತದೆ. ಕಿವಿಗೆ ಬಿದ್ದದ್ದನ್ನು ಹೇಳುವುದು ನನ್ನ ಕೆಲಸ.

ಮೊದಲು ಬಂದ ಕೋರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟೆನರ್‌ನವರಿಗೆ ಬರೆದುಕೊಟ್ಟ ಏಟುಗಳು ಅವರ ಕೈಗೆ ಮೀರಿದ್ದವು. ಅರ್ಧಕ್ಕರ್ಧ ತೆಗೆದುಹಾಕಿದರೆ ಉಳಿದರ್ಧ ಕೇಳಿಸುತ್ತದೆ. ಎರಡನೆಯದು ಡ್ರಮ್ ಸೋಲೋದಲ್ಲಿ ಓಡಿತು. ಬಾಸ್ ಡ್ರಮ್ಮಿನವರು ಹಿಡಿದು ನಿಲ್ಲಿಸಲು ನೋಡಿದರು, ಸ್ನೇರ್‌ನವರು ನಿಲ್ಲಲಿಲ್ಲ. ಮೂರನೆಯ ಕೋರ್‌ನ ಕಲರ್ ಗಾರ್ಡ್ ಚೆನ್ನಾಗಿತ್ತು. ರೈಫಲ್ ಎಸೆತ ಒಂದೂ ನೆಲಕ್ಕೆ ಬೀಳಲಿಲ್ಲ. ಸಂಗೀತ ಮಾತ್ರ ಪೂರ್ತಿ ಸಿಂಥಸೈಜರ್‌ನ ಮಡಿಲಲ್ಲಿ ಮಲಗಿತ್ತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ವಿರಾಮದ ನಂತರ ಬಂದ ಕೋರ್ ಗಾತ್ರದಲ್ಲಿ ಎಲ್ಲರಿಗಿಂತ ಸಣ್ಣದು. ಸ್ನೇರ್ ಸಾಲಿನಲ್ಲಿ ಏಳು ಜನ. ಒಂದು ತುದಿಯಲ್ಲಿ ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ, ನಡುವಿನಲ್ಲಿ ಪೂರ್ತಿ ಬೆಳ್ಳಗಾದ ಗಡ್ಡದ ಹಿರಿಯರು. ನಿಧಾನದ ಹಾಡು ಮುಗಿಯುತ್ತ ಬಂತು, ಕೊಂಬಿನವರು ಒಬ್ಬೊಬ್ಬರಾಗಿ ವಾದ್ಯ ಇಳಿಸಿದರು. ಸ್ನೇರ್‌ನವರು ಮೈದಾನದ ಹಿಂದಿನ ಗೆರೆಯ ಹತ್ತಿರ ನಮಗೆ ಮುಖ ಮಾಡಿ ನಿಂತಿದ್ದರು. ಕೋಲಿನ ತುದಿ ಚರ್ಮದಿಂದ ಮೂರಂಗುಲ ಮೇಲೆ, ಅಷ್ಟೇ. ಅಲ್ಲಿಂದ ಡಬಲ್ ಸ್ಟ್ರೋಕ್ ರೋಲ್ ಶುರುವಾಯಿತು. ಏರಲಿಲ್ಲ, ಇಳಿಯಲಿಲ್ಲ. ನಾನು ಕೂತಿದ್ದ ಸಾಲಿನಲ್ಲಿ ಪಾಪ್‌ಕಾರ್ನ್ ತಿನ್ನುತ್ತಿದ್ದವರ ಕೈ ಪೊಟ್ಟಣದೊಳಗೇ ನಿಂತಿತು. ಏಳು ಡ್ರಮ್ಮುಗಳಿಂದ ಬರುತ್ತಿದ್ದದ್ದು ಒಂದೇ ದನಿ.

ಇದು ಎಷ್ಟು ಕಷ್ಟ ಎಂದು ಬಿಡಿಸಿ ಹೇಳುವುದಕ್ಕೇ ಈ ವಾರದ ಜಾಗ ಕೇಳಿದ್ದೇನೆ.

ಡಬಲ್ ಸ್ಟ್ರೋಕ್‌ನಲ್ಲಿ ಮೊದಲ ಏಟು ಮಣಿಕಟ್ಟಿನದು, ಎರಡನೆಯದು ಬೆರಳಿನದು. ಕೋಲು ಎತ್ತರದಿಂದ ಬಿದ್ದಾಗ ಚರ್ಮವೇ ಅದನ್ನು ವಾಪಸು ಎಸೆಯುತ್ತದೆ. ಎರಡನೆಯ ಏಟಿಗೆ ಅರ್ಧ ಬಲ ಪುಕ್ಕಟೆ ಸಿಗುತ್ತದೆ. ಮೂರಂಗುಲದಿಂದ ಬಿದ್ದಾಗ ಆ ಉಪಕಾರ ಇಲ್ಲ. ಎರಡನೆಯ ಏಟನ್ನು ಬೆರಳುಗಳೇ ಹುಟ್ಟಿಸಬೇಕು, ಅದೂ ಮೊದಲನೆಯದರಷ್ಟೇ ತೂಕದಲ್ಲಿ. ಒಬ್ಬರು ಮಾಡಿದರೆ ಅಭ್ಯಾಸ ಎನ್ನಬಹುದು. ಏಳು ಜನರ ಎರಡನೆಯ ಏಟೂ ಒಂದೇ ತೂಕದ್ದಾಗಬೇಕು. ಇಂದಿನ ಸ್ನೇರ್‌ನ ಮೇಲಿರುವುದು ಕೆವ್ಲಾರ್, ಕಲ್ಲಿನಷ್ಟು ಬಿಗಿ. ಹಳೆಯ ಕರುವಿನ ಚರ್ಮ ಮಳೆಗಾಲದಲ್ಲಿ ಸಡಿಲಾಗಿ ಎಲ್ಲರ ತಪ್ಪನ್ನೂ ತನ್ನೊಳಗೆ ಮುಚ್ಚಿಟ್ಟುಕೊಳ್ಳುತ್ತಿತ್ತು. ಕೆವ್ಲಾರ್ ಯಾರದ್ದನ್ನೂ ಮುಚ್ಚುವುದಿಲ್ಲ.

ಅವರು ನಿಂತ ಜಾಗವನ್ನೂ ಗಮನಿಸಿ. ಫುಟ್‌ಬಾಲ್ ಮೈದಾನದ ಅಡ್ಡಗಲ ಐವತ್ತಮೂರು ಗಜದ ಮೇಲೆ ಸ್ವಲ್ಪ, ಅಂದರೆ 49 ಮೀಟರಿನ ಹತ್ತಿರ. ಶಬ್ದ ಸೆಕೆಂಡಿಗೆ 340 ಮೀಟರಿನಷ್ಟು ಹೋಗುತ್ತದೆ. ಹಿಂದಿನ ಗೆರೆಯ ಮೇಲೆ ಹೊಡೆದ ಏಟು ಮುಂದಿನ ಗೆರೆಗೆ ಬರಲು ಸೆಕೆಂಡಿನ ಏಳನೇ ಒಂದು ಪಾಲು ಬೇಕು. ನಿಮಿಷಕ್ಕೆ 180 ನಡೆಯ ಲಯದಲ್ಲಿ ಒಂದು ನಡೆಗೆ ಸಿಗುವುದೇ ಸೆಕೆಂಡಿನ ಮೂರನೇ ಒಂದು ಪಾಲು. ಆ ನಡೆಯನ್ನು ನಾಲ್ಕು ಏಟಾಗಿ ಒಡೆದರೆ, ಹಿಂದಿನವರು ಮುಂದಿನವರಿಗಿಂತ ಒಂದೂವರೆ ಏಟಿಗೂ ಹೆಚ್ಚು ತಡ. ಇಬ್ಬರೂ ಮುಂದೆ ನಿಂತು ತಾಳ ತೋರಿಸುವ ಡ್ರಮ್ ಮೇಜರ್‌ನ ಕೈ ನೋಡಿಕೊಂಡೇ ಬಾರಿಸಿದರೆ, ಇಬ್ಬರೂ ಸರಿಯಾಗಿಯೇ ಬಾರಿಸಿದರೆ, ಪ್ರೇಕ್ಷಕನ ಕಿವಿಯಲ್ಲಿ ಇಬ್ಬರೂ ಬೇರೆ ಬೇರೆ. ಫೇಸಿಂಗ್ ಎಂಬ ಕಾಯಿಲೆಯ ಮೂಲ ಇದೇ.

ಅದಕ್ಕೇ ಹಿಂದಿನವರು ಕೈ ನೋಡಬೇಕು, ಮುಂದಿನವರು ಹಿಂದಿನಿಂದ ಬರುವುದನ್ನು ಕೇಳಬೇಕು ಎಂಬ ನಿಯಮ ಹುಟ್ಟಿದ್ದು. ಮುಂದಿನ ಗೆರೆಯಲ್ಲಿ ಮರಿಂಬಾ, ವೈಬ್ರಫೋನ್ ಇಟ್ಟುಕೊಂಡ ಪಿಟ್‌ನವರಿಗೆ ಡ್ರಮ್ ಮೇಜರ್ ಕೈ ಎದುರಿಗೇ ಕಾಣುತ್ತಿರುತ್ತದೆ. ಆದರೂ ಅದನ್ನು ನಂಬದೆ ಬೆನ್ನ ಹಿಂದೆ ಸ್ನೇರ್, ಟೆನರ್, ಬಾಸ್ ಹೊತ್ತು ನಡೆಯುವ ಬ್ಯಾಟರಿಗೆ ಕಿವಿ ಕೊಡಬೇಕು. ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು ಹೇಳುತ್ತದೆ. ಕಿವಿಯ ಮಾತನ್ನೇ ಕೇಳುವುದನ್ನು ದೇಹಕ್ಕೆ ಕಲಿಸಲು ವರ್ಷಗಳೇ ಬೇಕು. ಡಿಸಿಐನ ಹುಡುಗರು ಬೇಸಿಗೆಯಿಡೀ ಬಸ್ಸಿನಲ್ಲಿ ಊರೂರು ತಿರುಗುತ್ತ, ಶಾಲೆಗಳ ಜಿಮ್ಮಿನ ನೆಲದ ಮೇಲೆ ಮಲಗುತ್ತ, ಬೆಳಗಿನಿಂದ ರಾತ್ರಿಯವರೆಗೆ ಇದನ್ನೇ ತಿದ್ದುತ್ತಾರೆ. ಇಪ್ಪತ್ತೆರಡರ ಹೊತ್ತಿಗೆ ಅವರಿಗೆ ಬಾಗಿಲು ಮುಚ್ಚುತ್ತದೆ. ಆಲ್-ಏಜ್‌ನವರಿಗೆ ಬಾಗಿಲು ಮುಚ್ಚುವುದಿಲ್ಲ, ಆದರೆ ಸಿಗುವುದು ವಾರಾಂತ್ಯ ಮಾತ್ರ. ನರ್ಸ್ ಇದ್ದಾರೆ, ಟ್ರಕ್ ಓಡಿಸುವವರಿದ್ದಾರೆ, ಶಾಲೆಯ ಮೇಷ್ಟರು ಬೇಕಾದಷ್ಟು. ಶನಿವಾರ ಬೆಳಿಗ್ಗೆ ಬಂದು ಕೇಸ್ ಬಿಚ್ಚಿದಾಗ ಐದು ದಿನದ ಬೇರೆ ಬದುಕು ಮಣಿಕಟ್ಟಿನಲ್ಲಿ ಕೂತಿರುತ್ತದೆ.

ಇಷ್ಟೆಲ್ಲ ಇಟ್ಟುಕೊಂಡು, ಮೈದಾನದ ಅತಿ ದೂರದ ಗೆರೆಯಿಂದ, ಮೂರಂಗುಲದ ರೋಲ್. ಅದರ ಮೇಲೆ ಪಿಟ್‌ನ ಒಂದೇ ಒಂದು ವೈಬ್ರಫೋನ್ ನಾಲ್ಕು ಸ್ವರ ಬಾರಿಸಿ ಸೇರಿಕೊಂಡಿತು. ಸರಿಯಾದ ಜಾಗದಲ್ಲಿ ಸೇರಿಕೊಂಡಿತು.

ನನ್ನ ಹಳೆಯ ವ್ಯಾಜ್ಯ ಶುರುವಾಗುವುದು ಇಲ್ಲಿಂದ. ಈ ಕಲೆಯಲ್ಲಿ ಒಂದು ಗಟ್ಟಿ ಪಂಥ ಇದೆ. ಸ್ಟೇಡಿಯಂ ದೊಡ್ಡದು, ತೀರ್ಪುಗಾರರು ಮೇಲೆ ಪೆಟ್ಟಿಗೆಯಲ್ಲಿ ಕೂತಿರುತ್ತಾರೆ, ಮೆಲುದನಿ ಅಲ್ಲಿಗೆ ಮುಟ್ಟುವುದಿಲ್ಲ, ಆದ್ದರಿಂದ ಬಾರಿಸಿ ಗಟ್ಟಿಯಾಗಿ ಎಂಬುದು ಅವರ ವಾದ. ಟಿಕ್ ಪದ್ಧತಿಯ ಕಾಲದಲ್ಲಿ ಈ ವಾದಕ್ಕೆ ಒಂದು ಅರ್ಥವಾದರೂ ಇತ್ತು. ಆಗ ತೀರ್ಪುಗಾರ ಹಲಗೆ ಹಿಡಿದುಕೊಂಡು ಸ್ನೇರ್ ಸಾಲಿನ ಪಕ್ಕದಲ್ಲೇ ನಡೆಯುತ್ತಿದ್ದ. ಒಂದು ತಪ್ಪಿಗೆ ಒಂದು ಗೀಟು, ಒಂದು ಗೀಟಿಗೆ ಅಂಕದ ಹತ್ತನೇ ಒಂದು ಪಾಲು ಖೋತಾ. ಮೆಲ್ಲಗೆ ಬಾರಿಸುವುದೆಂದರೆ ತಪ್ಪನ್ನು ತಟ್ಟೆಯಲ್ಲಿಟ್ಟು ಕೊಟ್ಟಂತೆ. ಡಿಸಿಐ 1984ರಲ್ಲಿ ಆ ಪದ್ಧತಿ ಕೈಬಿಟ್ಟಿತು. ಕಳೆಯುವುದು ಹೋಗಿ ಕೂಡುವುದು ಬಂದ ಮೇಲೂ ಗಟ್ಟಿ ಪಂಥ ಹೋಗಲಿಲ್ಲ. 2004ರಲ್ಲಿ ಮೈಕ್ ಬಂತು, 2009ರಲ್ಲಿ ಸಿಂಥಸೈಜರ್ ಬಂತು. ಆಮೇಲೆ ಆಲ್-ಏಜ್ ಕೋರ್‌ಗಳೂ ಅದೇ ದಾರಿ ಹಿಡಿದವು.

ಮರಿಂಬಾದ ಕೆಳಗೆ ಮೈಕ್ ಇಟ್ಟಿದ್ದು ಒಳ್ಳೆಯದಾಯಿತು, ಅದರಲ್ಲಿ ನನ್ನ ತಕರಾರಿಲ್ಲ. ಮೆತ್ತನೆಯ ಮ್ಯಾಲೆಟ್‌ನಿಂದ ಬಾರಿಸಿದ್ದೂ ಈಗ ಮೇಲಿನ ಸಾಲಿಗೆ ಕೇಳುತ್ತದೆ. ಮೊದಲು ಗಟ್ಟಿ ಮ್ಯಾಲೆಟ್ ಹಿಡಿದು ಮರವನ್ನು ಚಚ್ಚಬೇಕಿತ್ತು. ತಕರಾರಿರುವುದು ಸಿಂಥಸೈಜರ್‌ನ ಅಡಿಸ್ವರದ ಮೇಲೆ. ಪ್ರತಿ ದೊಡ್ಡ ಘಟ್ಟದ ಕೆಳಗೂ ಸಬ್‌ವೂಫರ್‌ನಿಂದ ಒಂದು ಗುಂಯ್ ಎಳೆದಾಗ ಟ್ಯೂಬಾದವರ ಉಸಿರು ಅದರಡಿ ಕಾಣೆಯಾಗುತ್ತದೆ. ಬಾಸ್ ಡ್ರಮ್ಮಿನ ಗತಿ ಇನ್ನೂ ಕಷ್ಟ. ಐದು ಗಾತ್ರದ ಐದು ಡ್ರಮ್, ಒಬ್ಬೊಬ್ಬರಿಗೆ ಒಂದೊಂದು. ಒಂದೇ ಸಾಲನ್ನು ಐವರು ಏಟು ಏಟಾಗಿ ಹಂಚಿಕೊಂಡು ಬಾರಿಸಬೇಕು. ಒಂದೇ ಒರಳಿಗೆ ಮೂವರು ಒನಕೆ ಹಾಕುವಾಗ ಒಬ್ಬರದು ಮೇಲೆ, ಒಬ್ಬರದು ನಡುವೆ, ಒಬ್ಬರದು ಒರಳಲ್ಲಿ ಇರುತ್ತದಲ್ಲ, ಹಾಗೆ. ಎಲ್ಲಿಯೂ ತಾಗಬಾರದು, ಎಲ್ಲಿಯೂ ಸಂದು ಬಿಡಬಾರದು. ಶನಿವಾರದ ಮೂರನೆಯ ಕೋರ್‌ನ ಐದು ಜನ ಇದನ್ನು ಶುದ್ಧವಾಗಿ ಮಾಡುತ್ತಿದ್ದರು. ಅವರ ಕೈಗಳಲ್ಲಿ ಕಂಡಿತು, ಕಿವಿಗೆ ಬೀಳಲಿಲ್ಲ. ಕೆಳಗಿನ ಎರಡು ಡ್ರಮ್ಮಿನ ದನಿ ಗುಂಯ್‌ನೊಳಗೆ ಕರಗಿತ್ತು. ಅವರ ಎಷ್ಟೋ ವಾರಾಂತ್ಯಗಳ ಬೆವರಿನ ಮೇಲೆ ಒಬ್ಬರ ಬೆರಳು ಕೂತಿತ್ತು. ಆ ಬೆರಳನ್ನು ಎತ್ತಿಸುವ ಅಧಿಕಾರ ಕೋರ್‌ನ ಸಂಗೀತ ನಿರ್ದೇಶಕರಿಗಿದೆ, ಎತ್ತಿಸಬೇಕು.

ಗಟ್ಟಿ ಪಂಥಕ್ಕೆ ನಾನು ಯಾವಾಗಲೂ ಎದುರಿಗಿಡುವುದು 1993ರ ಸ್ಟಾರ್ ಆಫ್ ಇಂಡಿಯಾನಾವನ್ನು. ಇದು ಆಲ್-ಏಜ್ ಅಲ್ಲ, ಡಿಸಿಐ, ಗೊತ್ತಿದ್ದೇ ಹೇಳುತ್ತಿದ್ದೇನೆ. ಬ್ಲೂಮಿಂಗ್‌ಟನ್‌ನ ಆ ಕೋರ್ 1985ರಲ್ಲಿ ಕಣಕ್ಕಿಳಿಯಿತು, 1991ರಲ್ಲಿ ಚಾಂಪಿಯನ್ ಆಯಿತು. ಎರಡು ವರ್ಷದ ನಂತರ ಬಾರ್ಬರ್‌ನ ಮೆಡಿಯಾ ಮತ್ತು ಬಾರ್ಟೋಕ್‌ನ ಸಂಗೀತ ಹಿಡಿದುಕೊಂಡು ಬಂತು. ಚಪ್ಪಾಳೆಗೆಂದು ಎಲ್ಲಿಯೂ ನಿಲ್ಲಲಿಲ್ಲ. ಕಿವಿಗೆ ಹಿತವಾದ ಹಾಡಿನ ಸಾಲು ಹುಡುಕಿದರೂ ಸಿಗುವುದು ಕಷ್ಟ. ಒಂದು ಕಡೆ ಪಿಸುಗುಟ್ಟುವಷ್ಟು ಸಣ್ಣ ದನಿ, ಅಲ್ಲಿಂದ ಒಮ್ಮೆಗೇ ಕತ್ತಿಯಂತೆ ಮೇಲೆದ್ದ ಹಿತ್ತಾಳೆ, ಮತ್ತೆ ಮೌನ. ಮೈದಾನದ ಮೇಲಿನ ನಡಿಗೆಯೂ ಹಾಗೆಯೇ. ಕೈ ಕತ್ತುಗಳ ಸಣ್ಣ ಮುರಿತಗಳು, ನಿಂತಲ್ಲೇ ಮೈ ತಿರುಚಿದ್ದು, ಹೊರಳಿದ್ದು. ಥಾಮ್ ಹ್ಯಾನಮ್ ಬರೆದ ಡ್ರಮ್ ಏಟುಗಳು ಹಿತ್ತಾಳೆಯ ಮೇಲೆ ಕೂರಲಿಲ್ಲ. ಅದರ ಒಳಗೆ ನರದಂತೆ ಓಡಾಡಿದವು. ರೆಕಾರ್ಡಿಂಗಿನಲ್ಲಿ ಈಗ ಕೇಳಿದರೂ ಬ್ಯಾಟರಿ ಎಲ್ಲಿ ಮುಗಿದು ಪಿಟ್ ಎಲ್ಲಿ ಶುರುವಾಯಿತೆಂದು ಗೆರೆ ಎಳೆಯಲಾಗದ ಜಾಗಗಳಿವೆ.

ಆ ಬೇಸಿಗೆ ಜನ ಅದನ್ನು ಮೆಚ್ಚಲಿಲ್ಲ, ಕೆಲವರು ಕೂಗಿಯೂ ತೋರಿಸಿದರು. ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿ ನಡೆದ ಫೈನಲ್ಸ್‌ನಲ್ಲಿ ಕೆಡೆಟ್ಸ್‌ಗೆ 97.4, ಸ್ಟಾರ್‌ಗೆ 97.3. ಅಂಕದ ಹತ್ತನೇ ಒಂದು ಪಾಲಿನಲ್ಲಿ ಸೋತ ಸ್ಟಾರ್ ಮತ್ತೆ ಸ್ಪರ್ಧೆಗೆ ಬರಲೇ ಇಲ್ಲ. ರಂಗಮಂದಿರದ ಕಡೆ ತಿರುಗಿ ಕೊನೆಗೆ 'ಬ್ಲಾಸ್ಟ್!' ಆಗಿ ಬ್ರಾಡ್‌ವೇ ಮುಟ್ಟಿತು, 2001ರಲ್ಲಿ ಟೋನಿ ಪ್ರಶಸ್ತಿ ಪಡೆಯಿತು. ಅಂದು ಗೆದ್ದ ಕೆಡೆಟ್ಸ್‌ ಬಗ್ಗೆ ನನಗೆ ಗೌರವ ಇದೆ, ಆ ಗೆಲುವು ಕದ್ದದ್ದಲ್ಲ. ಆದರೆ ಇಂದು ಡ್ರಮ್ ಬರೆಯುವವರು ಪಾಠಕ್ಕೆಂದು ಹೋಗುವುದು ಸೋತವರ ರೆಕಾರ್ಡಿಂಗಿಗೆ. ದೊಡ್ಡ ಸ್ಟೇಡಿಯಂನಲ್ಲಿ ಮೆಲುದನಿ ಮುಟ್ಟುವುದಿಲ್ಲ ಎನ್ನುವವರು ಅದನ್ನೊಮ್ಮೆ ಕೇಳಿ ಉತ್ತರ ಹೇಳಲಿ.

ಇದನ್ನೆಲ್ಲ ಆಲ್-ಏಜ್ ಬಗ್ಗೆ ಬರೆಯುವಾಗಲೇ ಹೇಳುವುದಕ್ಕೆ ಕಾರಣವಿದೆ. ಈ ಕಲೆಯನ್ನು ಹುಟ್ಟಿಸಿದವರು ಹಿರಿಯರೇ. ಮೊದಲ ಮಹಾಯುದ್ಧ ಮುಗಿಸಿ ಬಂದವರು 1919ರಲ್ಲಿ ಅಮೆರಿಕನ್ ಲೀಜನ್ ಕಟ್ಟಿದರು. ಅದರ ಊರೂರ ಶಾಖೆಗಳು ಡ್ರಮ್, ಬ್ಯೂಗಲ್ ಹಿಡಿದು ಬೀದಿಗಿಳಿದವು. ನ್ಯೂಜೆರ್ಸಿಯ ಹಾಥಾರ್ನ್ ಕ್ಯಾಬಲೆರೋಸ್ ಹುಟ್ಟಿದ್ದು 1946ರಲ್ಲಿ, ಎರಡನೆಯ ಯುದ್ಧದ ಬೆನ್ನಿಗೆ. ಹಿರಿಯರ ಕೋರ್‌ಗಳ ಸಂಸ್ಥೆಯಾದ ಡ್ರಮ್ ಕೋರ್ ಅಸೋಸಿಯೇಟ್ಸ್ 1965ರಲ್ಲಿ ನಡೆಸಿದ ಮೊದಲ ಚಾಂಪಿಯನ್‌ಶಿಪ್ ಗೆದ್ದದ್ದು ಇದೇ ಪೆನ್ಸಿಲ್ವೇನಿಯಾದ ರೆಡಿಂಗ್ ಬಕನೀರ್ಸ್. 2023ರ ನಂತರ ಆ ಸಂಸ್ಥೆ ಡಿಸಿಐ ಒಳಗೆ ಸೇರಿ ಆಲ್-ಏಜ್ ಒಂದು ವಿಭಾಗವಾಗಿದೆ. ಹಣಕಾಸು, ಪ್ರಚಾರದ ದೃಷ್ಟಿಯಿಂದ ಅದು ಒಳ್ಳೆಯದೇ ಇರಬಹುದು. ನನ್ನ ಆತಂಕ ಬೇರೆ. ಒಂದೇ ಮನೆಯೊಳಗೆ ಬಂದ ಮೇಲೆ ಹುಡುಗರ ಅಳತೆಗೋಲಿನಿಂದಲೇ ಹಿರಿಯರನ್ನೂ ಅಳೆಯುವ ಅಭ್ಯಾಸ ಬೆಳೆಯುತ್ತದೆ. ಓಟ, ಜಿಗಿತ, ನಿಮಿಷಕ್ಕೆ ಇನ್ನೂರು ನಡೆ, ನೆಲದ ಮೇಲೆ ಉರುಳುವುದು. ಅರವತ್ತರ ಮೊಣಕಾಲಿಗೆ ಅದನ್ನು ಮಾಡಿಸಿ ಹುಡುಗರಿಗಿಂತ ಎರಡು ಅಂಕ ಕಡಿಮೆ ಕೊಡುವುದರಿಂದ ಯಾರಿಗೂ ಲಾಭವಿಲ್ಲ.

ವಯಸ್ಸಾದ ಕೈ ಕೊಡುವುದೇ ಬೇರೆ. ಸ್ಪರ್ಧೆಗೆ ಮೊದಲು ಪಾರ್ಕಿಂಗ್ ಲಾಟಿನಲ್ಲಿ ಆ ಬಿಳಿಗಡ್ಡದವರು ಡ್ರಮ್ ಕೀ ಹಿಡಿದು ಶ್ರುತಿ ಮಾಡುತ್ತಿದ್ದದ್ದನ್ನು ಪಕ್ಕದಲ್ಲೇ ನಿಂತು ನೋಡಿದೆ. ಒಂದೊಂದು ಲಗ್‌ನ ಹತ್ತಿರವೂ ಕೋಲಿನ ತುದಿಯಿಂದ ಮುಟ್ಟಿ ನೋಡಿ, ಎದುರು ಬದಿಯದನ್ನು ಕಾಲು ಸುತ್ತು ತಿರುಗಿಸಿ, ಅಂಗೈಯಿಂದ ಚರ್ಮ ಒತ್ತಿ, ಮತ್ತೆ ಮುಟ್ಟಿ ನೋಡಿದರು. ತಮ್ಮದು ಮುಗಿದ ಮೇಲೆ ಹುಡುಗನ ಡ್ರಮ್ ತೆಗೆದುಕೊಂಡರು. ಹುಡುಗ ಇಷ್ಟಗಲ ಕಣ್ಣು ಮಾಡಿಕೊಂಡು ನೋಡುತ್ತಿದ್ದ. ಆಮೇಲೆ ಇಬ್ಬರೂ ಎದುರುಬದುರು ನಿಂತು, ಮಾತಿಲ್ಲದೆ, ಆ ರೋಲನ್ನೇ ಬಾರಿಸಿದರು. ಹುಡುಗನ ಎಡಗೈ ಒಂದು ಕೂದಲೆಳೆ ಮೇಲೆದ್ದಾಗ ಹಿರಿಯರು ತಲೆಯೆತ್ತದೆ ತಮ್ಮ ಕೋಲನ್ನು ಇನ್ನೂ ಸ್ವಲ್ಪ ಇಳಿಸಿದರು, ಹುಡುಗನೂ ಇಳಿಸಿದ. ಹದಿನೇಳರ ಹುಡುಗನೂ ಅರವತ್ತು ದಾಟಿದವರೂ ಒಂದೇ ಸಾಲಿನಲ್ಲಿ ನಿಂತು ಕಲಿಯುವ ಜಾಗ ಆಲ್-ಏಜ್ ಬಿಟ್ಟರೆ ಈ ಲೋಕದಲ್ಲಿ ಬೇರೆ ಇಲ್ಲ. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾದ ನಮ್ಮ ಕನ್ನಡದ ಮನೆಗಳ ಮಕ್ಕಳು ಹೈಸ್ಕೂಲ್ ಮಾರ್ಚಿಂಗ್ ಬ್ಯಾಂಡ್ ಮುಗಿಸಿ ಕೋಲು ಕೆಳಗಿಟ್ಟುಬಿಡುತ್ತಾರೆ. ತಂದೆತಾಯಿಯರಲ್ಲಿ ನನ್ನ ವಿನಂತಿ: ಒಂದು ಬೇಸಿಗೆಯ ವಾರಾಂತ್ಯಗಳಿಗೆ ಆ ಮಕ್ಕಳನ್ನು ಇಲ್ಲಿಗೆ ಕಳಿಸಿ ನೋಡಿ.

ಶನಿವಾರ ಆ ಕೋರ್ ಒಟ್ಟು ಅಂಕದಲ್ಲಿ ಹಿಂದೆ ಉಳಿಯಿತು. ಅದರಲ್ಲಿ ತಪ್ಪಿಲ್ಲ: ಹಿತ್ತಾಳೆ ತೆಳುವಾಗಿತ್ತು, ಕೊನೆಯ ಡ್ರಿಲ್ಲಿನಲ್ಲಿ ಎರಡು ಸಾಲು ಕೆಟ್ಟವು. ಆದರೆ ಡ್ರಮ್ಮಿನ ಅಂಕದಲ್ಲೂ ಅವರನ್ನು ಕೆಳಗೆ ಹಾಕಿದ್ದನ್ನು ನಾನು ಒಪ್ಪುವುದಿಲ್ಲ. ಡ್ರಮ್ ತೀರ್ಪುಗಾರರ ಪೈಕಿ ಒಬ್ಬರನ್ನಾದರೂ ಮೇಲಿನ ಪೆಟ್ಟಿಗೆಯಿಂದ ಇಳಿಸಿ ಗೆರೆಯ ಪಕ್ಕ ನಿಲ್ಲಿಸಲಿ, ಕಡೇ ಪಕ್ಷ ಆಲ್-ಏಜ್ ವಿಭಾಗದಲ್ಲಿ. ವ್ಯವಸ್ಥಾಪಕರಿಗೆ ಹೇಳುವುದು ಇನ್ನೂ ಒಂದಿದೆ. ಕೋರ್‌ಗಳು ಪಾರ್ಕಿಂಗ್ ಲಾಟಿನಲ್ಲಿ ತಯಾರಾಗುವಾಗ ಲೌಡ್‌ಸ್ಪೀಕರಿನಲ್ಲಿ ಸಿನಿಮಾ ಹಾಡು ಹಾಕುವುದನ್ನು ನಿಲ್ಲಿಸಿ. ಓದುಗರು ಮುಂದಿನ ಸ್ಪರ್ಧೆಗೆ ಹೋಗುವುದಾದರೆ ಒಂದೂವರೆ ಗಂಟೆ ಮೊದಲೇ ಹೋಗಿ, ಸ್ಟೇಡಿಯಂ ಒಳಗೆ ಹೋಗದೆ ಟ್ರಕ್ಕುಗಳು ನಿಂತ ಕಡೆ ನಡೆಯಿರಿ. ಸ್ನೇರ್ ಸಾಲಿನ ಎದುರು ನಿಲ್ಲಬೇಡಿ, ಪಕ್ಕದಲ್ಲಿ ನಿಂತು ಕೋಲಿನ ತುದಿಗಳನ್ನು ಸಾಲಾಗಿ ನೋಡಿ. ಬ್ಯೂಗಲ್ ಜಗಳ ಮುಂದಿನ ವಾರ.