ಶಾಲೆಯ ಜಗಲಿಯಲ್ಲಿ ಯಕ್ಷಗಾನ

ಹಿಂದೆ ಯಕ್ಷಗಾನ ಮೇಳ ಸೇರಿದ ಹುಡುಗರಿಗೆ ರಂಗಸ್ಥಳವೇ ಪಾಠಶಾಲೆ. ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ, ಅದು ದಾಟಿದರೆ ಪೂರ್ವರಂಗದ ಸ್ತ್ರೀವೇಷ. ಜನ ಇನ್ನೂ ಚಾಪೆ ಹಾಸಿ ಕೂರುತ್ತಿರುವ ಹೊತ್ತಿನಲ್ಲಿ ಹೆಜ್ಜೆ ತಪ್ಪಿದರೂ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಬೆಳಗಿನ ಜಾವದವರೆಗೆ ಎಚ್ಚರವಿದ್ದು ಹಿರಿಯ ವೇಷಧಾರಿಗಳ ಮಾತು ಕೇಳುವುದು ಉಳಿದ ಪಾಠ. ಕಾಲಮಿತಿ ಪ್ರದರ್ಶನಗಳು ಬಂದು ಪೂರ್ವರಂಗ ಮೊಟಕಾದ ಮೇಲೆ ಏಣಿಯ ಕೆಳಗಿನ ಮೆಟ್ಟಿಲುಗಳೇ ಕಳಚಿದವು. ಕರಾವಳಿಯ ಶಾಲೆಗಳಲ್ಲಿ ಈಗ ನಡೆಯುವ ಯಕ್ಷಗಾನ ತರಗತಿಗಳು ತುಂಬಬೇಕಾದ ಜಾಗ ಇದು.

ಮಕ್ಕಳಿಂದಲೇ ಪೂರ್ಣ ಪ್ರಸಂಗ ಆಡಿಸಬಹುದೆಂದು ತೋರಿಸಿಕೊಟ್ಟದ್ದು 1975ರಲ್ಲಿ ಕಾರ್ಕಡ ಶ್ರೀನಿವಾಸ ಉಡುಪ ಮತ್ತು ಎಚ್. ಶ್ರೀಧರ ಹಂದೆ ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳ. ಅಲ್ಲಿಂದ ಇಲ್ಲಿಗೆ ಆದ ದೊಡ್ಡ ಬದಲಾವಣೆ ಹೆಣ್ಣುಮಕ್ಕಳದ್ದು. ಗಂಡಸರೇ ಸ್ತ್ರೀವೇಷ ಹಾಕುತ್ತಿದ್ದ ಕಲೆಯಲ್ಲಿ ಇಂದು ಎಂಟನೇ ತರಗತಿಯ ಹುಡುಗಿ ಬಬ್ರುವಾಹನನಾಗಿ ಗಿರಕಿ ಹೊಡೆಯುತ್ತಾಳೆ. ಇದೊಂದಕ್ಕಾಗಿಯೇ ಈ ತರಗತಿಗಳನ್ನು ಮೆಚ್ಚಬೇಕು.

ಹೆಜ್ಜೆಯ ಪಾಠವೂ ಗಟ್ಟಿಯಾಗಿಯೇ ಆಗುತ್ತದೆ. ಬೆಂಚಿನ ಮೇಲೆ ಕೋಲು ಬಡಿಯುತ್ತ ಗುರುಗಳು ಬಾಯಿತಾಳ ಹೇಳುತ್ತಾರೆ. ಸಿಮೆಂಟು ನೆಲದ ಮೇಲೆ ಬರಿಗಾಲಿನ ಸಾಲು ಅದಕ್ಕೆ ಕುಣಿಯುತ್ತದೆ. ಏಕತಾಳದ 4 ಅಕ್ಷರ ಸುಲಭ. ತ್ರಿವುಡೆಯ 7ಕ್ಕೆ ಬಂದಾಗ ಸಾಲು ಮುರಿಯುತ್ತದೆ, ಹಿಂದಿನವನು ಮುಂದಿನವಳ ಹಿಮ್ಮಡಿ ತುಳಿಯುತ್ತಾನೆ, ನಗು ಏಳುತ್ತದೆ. ಕೆಲವು ವಾರ ಕಳೆದರೆ ಎಣಿಕೆ ಬಾಯಿಯಿಂದ ಕಾಲಿಗೆ ಇಳಿದಿರುತ್ತದೆ. ಪುಸ್ತಕ ಓದಿ ಇದು ಬರುವ ವಿದ್ಯೆಯಲ್ಲ.

ವೇಷ ಕಟ್ಟುವ ಚೌಕಿಯಲ್ಲಿ ಮಾತ್ರ ಕಲಿಕೆ ತಟ್ಟನೆ ನಿಂತುಬಿಡುತ್ತದೆ. ತನ್ನ ಮುಖದ ಬಣ್ಣ ತಾನೇ ಬರೆದುಕೊಳ್ಳುವುದು ಕಲಾವಿದರ ರೂಢಿ. ಕನ್ನಡಿ ಹಿಡಿದು ಕೂತಾಗಲೇ ಪಾತ್ರ ಮೈಮೇಲೆ ಬರುವುದು. ಶಾಲೆಯ ಪ್ರದರ್ಶನದ ದಿನ ಬಾಡಿಗೆಗೆ ವೇಷಭೂಷಣ ಬರುತ್ತದೆ, ಜತೆಗೆ ಬಣ್ಣ ಹಚ್ಚುವವರು ಬರುತ್ತಾರೆ, ಮಕ್ಕಳು ಸುಣ್ಣ ಬಳಿಸಿಕೊಳ್ಳುವ ಗೋಡೆಯ ಹಾಗೆ ಸಾಲಾಗಿ ಕೂರುತ್ತಾರೆ. ಬಟ್ಟೆಯ ಪಟ್ಟಿ ಸುತ್ತಿ ಮುಂಡಾಸು ಕಟ್ಟುವ ಕೆಲಸ ಅವರ ಕೈಗೆ ಬರುವುದೇ ಇಲ್ಲ. ಹೊತ್ತು ಸಾಲದು ಎಂಬ ಸಮಜಾಯಿಷಿ ನಿಜವೇ. ಆದರೆ ಹೆಜ್ಜೆಗೆ ತಿಂಗಳುಗಟ್ಟಲೆ ಕೊಟ್ಟವರು ಬಣ್ಣಕ್ಕೆ ಎರಡು ಶನಿವಾರ ಕೊಟ್ಟರೂ ಸಾಕಿತ್ತು.

ಇದಕ್ಕಿಂತ ಗಂಭೀರವಾದ ಕೊರತೆ ಮಾತಿನದು. ಯಕ್ಷಗಾನದಲ್ಲಿ ಬರಹಕ್ಕಿಳಿದಿರುವುದು ಪ್ರಸಂಗದ ಪದ್ಯ ಮಾತ್ರ. ಭಾಗವತರು ಹಾಡಿದ್ದಕ್ಕೆ ವೇಷಧಾರಿ ನಿಂತಲ್ಲೇ ಅರ್ಥ ಹೇಳಬೇಕು, ಎದುರಾಳಿಯ ಪ್ರಶ್ನೆಗೆ ಅಲ್ಲೇ ಉತ್ತರ ಹುಡುಕಬೇಕು. ಶಾಲೆಗಳಲ್ಲಿ ಈ ಅರ್ಥವನ್ನೂ ಬರೆದು ಕೊಟ್ಟು ಬಾಯಿಪಾಠ ಮಾಡಿಸುವುದೇ ವಾಡಿಕೆಯಾಗಿದೆ. ಅಭಿಮನ್ಯು ಒಂದು ವಾಕ್ಯ ಮರೆತರೆ ದ್ರೋಣನೂ ಮೂಕನಾಗುತ್ತಾನೆ, ಪರದೆಯ ಸಂದಿಯಿಂದ ಪಿಸುಮಾತು ಬರುವವರೆಗೆ ಯುದ್ಧ ನಿಲ್ಲುತ್ತದೆ. ಗಣಿತದ ಸೂತ್ರದಂತೆ ಉರು ಹೊಡೆದ ಮಾತಿಗೆ ಯಕ್ಷಗಾನದ ವೇಷ ತೊಡಿಸಿದರೆ ಅದು ನಾಟಕವಾದೀತು, ಅರ್ಥಗಾರಿಕೆಯಾಗದು.

ಮಕ್ಕಳಿಗೆ ಆಶುಮಾತು ಎಟುಕದು ಎನ್ನುವುದು ಒಪ್ಪತಕ್ಕ ವಾದವಲ್ಲ. ಆಟದ ಬಯಲಿನಲ್ಲಿ ಔಟಾದರೂ ಔಟಲ್ಲವೆಂದು ಅರ್ಧ ಗಂಟೆ ವಾದಿಸುವವರು ಇದೇ ಮಕ್ಕಳು. ಒಂದು ಪದ್ಯ ಹಾಡಿಸಿ, ಮನೆಮಾತಿನಲ್ಲೇ ಅರ್ಥ ಹೇಳಿಸಿ, ಎದುರಿನವನಿಂದ ಒಂದೇ ಪ್ರಶ್ನೆ ಕೇಳಿಸಿದರೆ ಶುರುವಿಗೆ ಸಾಕು. ಅದಕ್ಕೆ ಒಗ್ಗುವ ಪ್ರಕಾರವೂ ಕೈಯಳತೆಯಲ್ಲೇ ಇದೆ. ಕೂತು ಅರ್ಥ ಹೇಳುವ ತಾಳಮದ್ದಲೆಗೆ ವೇಷ ಬೇಡ, ಕುಣಿತ ಬೇಡ, ಬಾಡಿಗೆಯ ಖರ್ಚೂ ಇಲ್ಲ. ಒಬ್ಬ ಭಾಗವತರು, ಚೆಂಡೆ ಮದ್ದಲೆ, ಕೂರಲು ಜಮಖಾನ. ಮಕ್ಕಳ ತಾಳಮದ್ದಲೆಗಳು ಅಲ್ಲಲ್ಲಿ ನಡೆಯುವುದುಂಟು. ಆದರೆ ವಾರ್ಷಿಕೋತ್ಸವದ ರಾತ್ರಿ ಮೊಬೈಲ್ ಎತ್ತಿ ಹಿಡಿದ ಹೆತ್ತವರಿಗೆ ಬೇಕಾದದ್ದು ಕಿರೀಟ ಮತ್ತು ಗಿರಕಿ, ಶಾಲೆಗಳೂ ಅದನ್ನೇ ಕೊಡುತ್ತಿವೆ.