ಲಾಂಗ್‌ಲೀಫ್ ಪೈನ್ ಕಾಡಿನ ಪಕ್ಷಿವೀಕ್ಷಣೆ

ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಬೆಳೆಯುವ, ಸೂಜಿಯಂಥ ನೀಳ ಎಲೆಗಳ ಲಾಂಗ್‌ಲೀಫ್ ಪೈನ್ ಕಾಡಿನಲ್ಲಿ ನುರಿತ ಪಕ್ಷಿವೀಕ್ಷಕರು ಹಕ್ಕಿಗಿಂತ ಮೊದಲು ಅರಸುವುದು ಕಾಂಡದ ಮೇಲೆ ಬಿಳುಪಾಗಿ ಇಳಿದ ರಾಳದ ಧಾರೆಗಳನ್ನು. ಜೀವಂತ ಪೈನ್ ಮರದಲ್ಲೇ ಪೊಟರೆ ಕೊರೆಯುವ ರೆಡ್-ಕಾಕೇಡೆಡ್ ಮರಕುಟಿಗವು, ಶಿಲೀಂಧ್ರ ತಗುಲಿ ಚೇಗು, ಅಂದರೆ ಕಾಂಡದ ಒಳತಿರುಳು, ಮೆದುವಾದ ಹಳೆಯ ಮರವನ್ನು ಆಯ್ದು, ಹಲವೊಮ್ಮೆ ವರ್ಷಗಟ್ಟಲೆ ದುಡಿದು ಗೂಡು ಮುಗಿಸುತ್ತದೆ. ಬಳಿಕ ಪೊಟರೆಯ ಬಾಯಿಯ ಸುತ್ತ ಸಣ್ಣ ಕುಳಿಗಳನ್ನು ಕುಕ್ಕುತ್ತಲೇ ಇದ್ದು, ಒಸರುವ ರಾಳದಿಂದ ಮರವೇರುವ ಹಾವುಗಳನ್ನು ತಡೆಯುತ್ತದೆ. ಆ ರಾಳ ಹಸಿಯಾಗಿ ಹೊಳೆಯುತ್ತಿದ್ದರೆ ಹಕ್ಕಿಯ ವಾಸವಿದೆಯೆಂದೂ, ಒಣಗಿ ಮಂಕಾಗಿದ್ದರೆ ಪೊಟರೆ ಬರಿದಾಗಿರಬಹುದೆಂದೂ ನೆಲದಿಂದಲೇ ತಿಳಿಯುವ ಕಣ್ಣಿನ ಪಳಗುವಿಕೆ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ಹೆಸರಿಗೆ ಕಾರಣವಾದ ಗಂಡಿನ ಕೆಂಪು ಗೆರೆ ದುರ್ಬೀನಿಗೂ ಅಪರೂಪಕ್ಕೆ ಸಿಗುವುದರಿಂದ, ಅಗಲವಾದ ಬಿಳಿ ಕೆನ್ನೆಯೇ ನೆಚ್ಚಬಹುದಾದ ಗುರುತು.

ಕಿವಿಗೂ ಇಲ್ಲಿ ಅಷ್ಟೇ ಕೆಲಸವಿದೆ. ರಬ್ಬರ್ ಗೊಂಬೆ ಹಿಸುಕಿದಂತೆ ಕೀಚಲುಗುಟ್ಟುವ ಕಂದುತಲೆಯ ನಟ್‌ಹ್ಯಾಚ್ ಎಂಬ ಪುಟ್ಟ ಹಕ್ಕಿ ಕೆಲವೊಮ್ಮೆ ತೊಗಟೆಯ ಚೂರನ್ನೇ ಕೊಕ್ಕಿನಲ್ಲಿ ಹಿಡಿದು, ಮತ್ತೊಂದು ತೊಗಟೆಯನ್ನು ಮೀಟಿ ಹುಳು ಹುಡುಕುತ್ತದೆ. ನೆಲಮಟ್ಟದ ಬೆಂಕಿ ಆಗಾಗ ಹಾಯ್ದು ಪೊದೆ ಕಟ್ಟದಂತೆ ಕಾಪಾಡಿದ ಹುಲ್ಲಿನಲ್ಲಿ ಅಡಗಿರುವ ಬ್ಯಾಕ್‌ಮನ್ಸ್ ಗುಬ್ಬಿಯಂತೂ, ನೀಳವಾದ ಒಂದು ಸ್ವರ ಹಿಡಿದು ಅದನ್ನು ಕಂಪಿತಕ್ಕೆ ತಿರುಗಿಸುವ ವಸಂತದ ಹಾಡಿನಿಂದಲೇ ಹೆಚ್ಚಾಗಿ ಪತ್ತೆಯಾಗುತ್ತದೆ.