ಹೆಬ್ಬೆ ನೋಡುವ ಬಗೆ: ಜಲಪಾತ ರಸಿಕರಿಗೊಂದು ಕೈಪಿಡಿ

ಹೆಬ್ಬೆಗೆ ಮೊದಲ ಸಲ ಹೊರಟವರ ಕೈಯಲ್ಲಿ ಸಾಮಾನ್ಯವಾಗಿ ಎರಡು ಅಂಕಿಗಳಿರುತ್ತವೆ. ಜಲಪಾತದ ಎತ್ತರ 168 ಮೀಟರ್, ಕೆಮ್ಮಣ್ಣುಗುಂಡಿಯಿಂದ ದೂರ ಸುಮಾರು ಹತ್ತು ಕಿಲೋಮೀಟರ್. ಎರಡೂ ಸರಿಯೇ. ಆದರೂ ಎರಡನ್ನೂ ನಂಬಿ ಹೋದವರಿಗೆ ಲೆಕ್ಕ ತಪ್ಪುತ್ತದೆ. ಹತ್ತು ಕಿಲೋಮೀಟರ್ ಎಂದರೆ ಹದಿನೈದು ನಿಮಿಷ ಎಂಬ ಬೆಂಗಳೂರಿನ ಗಣಿತ ಇಲ್ಲಿ ನಡೆಯುವುದಿಲ್ಲ. ಬೆಂಗಳೂರಲ್ಲೇ ನಡೆಯುವುದಿಲ್ಲ ಎನ್ನುವುದು ಬೇರೆ ಮಾತು. 168 ಮೀಟರ್ ಕೂಡ ಒಂದೇ ನೋಟಕ್ಕೆ ದಕ್ಕುವಂಥದ್ದಲ್ಲ. ನೀರು ಎರಡು ಹಂತದಲ್ಲಿ ಇಳಿಯುತ್ತದೆ. ಒಂದಕ್ಕೆ ದೊಡ್ಡ ಹೆಬ್ಬೆ, ಇನ್ನೊಂದಕ್ಕೆ ಚಿಕ್ಕ ಹೆಬ್ಬೆ ಎಂದು ಹೆಸರು.

ಜಲಪಾತವನ್ನು ನೋಡುವುದಕ್ಕೂ ಒಂದು ಅಭ್ಯಾಸ ಬೇಕೆಂದರೆ ಹಲವರು ನಗುತ್ತಾರೆ. ನೀರು ಮೇಲಿಂದ ಕೆಳಗೆ ಬೀಳುತ್ತದೆ, ನೋಡಿದರಾಯಿತು ಎನ್ನುತ್ತಾರೆ. ಅಂಥವರು ಹತ್ತು ನಿಮಿಷ ನಿಂತು, ಬೆನ್ನು ತಿರುಗಿಸಿ ನಾಲ್ಕು ಸೆಲ್ಫಿ ಹೊಡೆದು, ಜೀಪಿನವನಿಗೆ ಕೈ ಬೀಸುತ್ತಾರೆ. ಕಛೇರಿಗೆ ಹೋಗಿ ಮಂಗಳ ಮಾತ್ರ ಕೇಳಿ ಎದ್ದು ಬಂದಂತೆ ಇದು. ಹೆಬ್ಬೆಯ ಮಟ್ಟಿಗಂತೂ ರಸಿಕತೆ ಶುರುವಾಗುವುದು ನೀರು ಕಾಣುವುದಕ್ಕೆ ಬಹಳ ಮೊದಲೇ.

ದಾರಿ ತರೀಕೆರೆಯದು. ರೈಲಿನಲ್ಲಿ ಬರುವವರು ಬೀರೂರು–ಶಿವಮೊಗ್ಗ ಮಾರ್ಗದ ತರೀಕೆರೆಯಲ್ಲಿ ಇಳಿದು, ಲಿಂಗದಹಳ್ಳಿ, ಕಲ್ಲತ್ತಿಗಿರಿ ಹಾದು ಘಟ್ಟ ಹತ್ತಬೇಕು. ಮೇಲೆ, ಸಮುದ್ರ ಮಟ್ಟದಿಂದ 1,434 ಮೀಟರ್ ಎತ್ತರದಲ್ಲಿ ಕೆಮ್ಮಣ್ಣುಗುಂಡಿ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಗೆಯಲ್ಲಿ ಬಂದು ತಂಗುತ್ತಿದ್ದ ತಾಣವಾದ್ದರಿಂದ ಅದಕ್ಕೆ ಕೃಷ್ಣರಾಜೇಂದ್ರ ಗಿರಿಧಾಮ ಎಂಬ ಹೆಸರೂ ಇದೆ. ಈಗ ಅಲ್ಲಿಯ ತೋಟ, ಅತಿಥಿಗೃಹಗಳೆಲ್ಲ ತೋಟಗಾರಿಕೆ ಇಲಾಖೆಯವು. ಅಲ್ಲಿಂದ ಹೆಬ್ಬೆಯ ಕಡೆಗೆ ಸ್ವಂತ ಕಾರು ಇಳಿಸುವ ಯೋಚನೆಯನ್ನು ಬಿಟ್ಟುಬಿಡುವುದು ಒಳ್ಳೆಯದು. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ ಜೀಪುಗಳೇ ಆ ದಾರಿಯ ವಾಹನ.

ಜೀಪಿನ ಸವಾರಿಯನ್ನು ಕೆಲವರು ಶಿಕ್ಷೆಯೆಂದೂ ಕೆಲವರು ಮೋಜೆಂದೂ ತಿಳಿಯುತ್ತಾರೆ. ಅದು ಎರಡೂ ಅಲ್ಲ, ಪೀಠಿಕೆ. ಕಾಫಿ ತೋಟಗಳ ನಡುವೆ ಕಲ್ಲು, ಕೊರಕಲು, ಕೆಸರು ತುಂಬಿದ ದಾರಿಯಲ್ಲಿ ಗಾಡಿ ಹೊಯ್ದಾಡುತ್ತ ಇಳಿಯುತ್ತದೆ. ಸಿಲ್ವರ್ ಓಕ್ ಮರಗಳಿಗೆ ಕರಿಮೆಣಸಿನ ಬಳ್ಳಿ ಹಬ್ಬಿರುತ್ತದೆ. ಆಸ್ಟ್ರೇಲಿಯಾದಿಂದ ಬಂದ ಆ ಮರ, ಯೆಮನ್ನಿನಿಂದ ಬಂದ ಕಾಫಿ, ಇಲ್ಲಿಯದೇ ಆದ ಮೆಣಸು ಮೂರೂ ಒಂದೇ ಎಕರೆಯಲ್ಲಿ ಸಂಸಾರ ಹೂಡಿವೆ. ಕಾಫಿಯ ಏಳು ಬೀಜ ತಂದರೆಂದು ಐತಿಹ್ಯ ಹೇಳುವ ಬಾಬಾ ಬುಡನ್ ಅವರ ಹೆಸರನ್ನೇ ಈ ಬೆಟ್ಟದ ಸಾಲು ಹೊತ್ತಿದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಬಂದರೆ ಕೆಂಪು ಹಣ್ಣಿನ ಕೊಯ್ಲು ಕಣ್ಣಿಗೆ ಬೀಳುತ್ತದೆ. ಬೇಸಗೆಯ ಆರಂಭದಲ್ಲಿ, ಹೂಮಳೆ ಬಿದ್ದು ಒಂದು ವಾರ ಕಳೆದ ಮೇಲೆ ಬಂದವರಿಗೆ ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯಂಥ ಪರಿಮಳ. ಆಗ ಜಲಪಾತ ಬಡವಾಗಿರುತ್ತದೆ ನಿಜ, ಆದರೆ ಅಂಥ ದಿನ ಜಲಪಾತವನ್ನೇ ಮರೆತರೂ ಯಾರೂ ತಪ್ಪೆನ್ನಲಾರರು.

ಜೀಪು ನಿಂತ ಮೇಲೆ ಕಾಲ್ನಡಿಗೆ. ಹಳ್ಳವನ್ನು ಅಲ್ಲಲ್ಲಿ ದಾಟಬೇಕು. ಇಲ್ಲಿ ಇಂಬಳಗಳ ಪರಿಚಯವೂ ಆಗುತ್ತದೆ. ಮಲೆನಾಡಿನವರು ಇಂಬಳಕ್ಕೆ ಹೆದರುವುದಿಲ್ಲ, ಬೈಯುತ್ತಾರಷ್ಟೆ. ಕಾಲಿಗೆ ಸುಣ್ಣವನ್ನೋ ಹೊಗೆಸೊಪ್ಪಿನ ರಸವನ್ನೋ ಹಚ್ಚಿಕೊಳ್ಳುವುದು ಹಳೆಯ ಕ್ರಮ. ಒಂದಿಷ್ಟು ಉಪ್ಪು ಜೇಬಿನಲ್ಲಿದ್ದರೂ ಸಾಕು. ಇಂಬಳ ಬಿಟ್ಟುಹೋದ ಮೇಲೂ ರಕ್ತ ಒಸರುತ್ತಲೇ ಇರುವುದನ್ನು ಕಂಡು ಪೇಟೆಯವರು ಗಾಬರಿಯಾಗುವುದುಂಟು. ಅದರ ಜೊಲ್ಲಿನಲ್ಲಿರುವ ವಸ್ತುವೊಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವುದೇ ಅದಕ್ಕೆ ಕಾರಣ. ಸ್ವಲ್ಪ ಹೊತ್ತಿಗೆ ತಾನಾಗಿ ನಿಲ್ಲುತ್ತದೆ. ಇಂಬಳ ಬೇಡವೇ ಬೇಡ ಎನ್ನುವವರು ಜನವರಿಯ ಮೇಲೆ ಬರಬೇಕು, ಬಂದು ಬಡಕಲು ನೀರು ನೋಡಬೇಕು. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಏನು ಸಿಗುವುದಿಲ್ಲ ಎಂಬುದನ್ನು ಮೊದಲೇ ತಿಳಿದಿದ್ದರೆ ಮನಸ್ಸು ಹಗುರ. ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ಬಿಸಿ ಊಟದ ಹೋಟೆಲುಗಳ ಸಾಲಿಲ್ಲ. ಬುತ್ತಿ ಕಟ್ಟಿಕೊಂಡೇ ಹೋಗಬೇಕು, ಕಟ್ಟಿದ ಕಾಗದವನ್ನೂ ಬಾಟಲಿಯನ್ನೂ ವಾಪಸು ತರಬೇಕು. ಈ ಕಾಡು ಭದ್ರಾ ಹುಲಿ ಮೀಸಲು ಪ್ರದೇಶಕ್ಕೆ ಸೇರಿದ್ದು. 1974ರಲ್ಲಿ ವನ್ಯಜೀವಿ ಅಭಯಾರಣ್ಯವಾಗಿ, 1998ರಲ್ಲಿ ಹುಲಿ ಯೋಜನೆಯ ವ್ಯಾಪ್ತಿಗೆ ಬಂದ ಈ ಅರಣ್ಯದೊಳಗಿನ ನಾನೂರಕ್ಕೂ ಹೆಚ್ಚು ಕುಟುಂಬಗಳು ಈ ಶತಮಾನದ ಆರಂಭದಲ್ಲಿ ಹೊರಗೆ ನೆಲೆಗೊಂಡವು. ಹಲವು ಕುಟುಂಬಗಳಿಗೆ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ಜಮೀನು, ಮನೆ ಸಿಕ್ಕವು. ತಲೆಮಾರುಗಳಿಂದ ಇದ್ದ ಮನೆಗಳನ್ನೇ ಬಿಟ್ಟು ಜನ ಹೊರಬಂದ ಕಾಡಿಗೆ ಸ್ಪೀಕರ್ ಪೆಟ್ಟಿಗೆ ಹೊತ್ತು ಬರುವ ಪ್ರವಾಸಿಗರನ್ನು ಏನೆಂದು ಕರೆಯಬೇಕೋ ಓದುಗರೇ ಹೇಳಬೇಕು. ಪ್ರವೇಶ ಅರಣ್ಯ ಇಲಾಖೆಯ ಅನುಮತಿಯ ಮೇಲೆ. ಮಳೆಗಾಲದಲ್ಲಿ ದಾರಿ ಮುಚ್ಚುವುದುಂಟು, ಆದ್ದರಿಂದ ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು.

ಇನ್ನು ನೀರು.

ಮೊದಲು ದನಿ. ಕಾಣುವುದಕ್ಕೆ ಮುಂಚೆ ಜಲಪಾತ ಕೇಳಿಸುತ್ತದೆ, ಆ ಕೆಲವು ನಿಮಿಷಗಳಲ್ಲಿ ಮಾತು ನಿಲ್ಲಿಸಿದವರಿಗೆ ಲಾಭ. ನೀರು ಬಂಡೆಗೆ ಅಪ್ಪಳಿಸುವುದೇ ಆ ಸದ್ದು ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದರ ಹೆಚ್ಚಿನ ಪಾಲು ನೀರಿನೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳ ಕಂಪನ. ಗುಳ್ಳೆ ಚಿಕ್ಕದಾದಷ್ಟೂ ಸ್ವರ ಏರುತ್ತದೆ. ಹಾಗಾಗಿ ತೆಳುವಾಗಿ ಇಳಿಯುವ ಎಳೆಯ ಚಿಲಿಪಿಲಿ ಬೇರೆ, ಮಡುವಿಗೆ ಧುಮುಕುವ ಮುಖ್ಯ ಧಾರೆಯ ಮೊರೆತ ಬೇರೆ. ಕಣ್ಣು ಮುಚ್ಚಿ ಈ ಎರಡನ್ನು ಬಿಡಿಸಿ ಕೇಳುವುದು ಮೊದಲ ಪಾಠ. ಆ ಮೊರೆತದ ಮೇಲೆ ಯಾರೋ ಹುಡುಗ ಗುರಿಯಿಲ್ಲದೆ ಶಿಳ್ಳೆ ಹಾಕಿದಂತೆ ಕೇಳಿಸಿದರೆ ಸುತ್ತ ಹುಡುಗನನ್ನು ಹುಡುಕಬೇಕಾಗಿಲ್ಲ. ಮಲೆನಾಡಿನ ಹಳ್ಳಗಳ ಬದಿಯಲ್ಲೇ ವಾಸಿಸುವ ಸಿಳ್ಳಾರ ಹಕ್ಕಿಯದು ಅದು. ನೀರಿನ ದನಿ ಮಂದ್ರದಲ್ಲಿ ತುಂಬಿಕೊಂಡಿರುವಲ್ಲಿ ಇದರ ಸ್ವರ ತಾರದಲ್ಲಿ ತೂರಿಕೊಂಡು ಬರುತ್ತದೆ.

ಆಮೇಲೆ ನೋಟ. ಹೊಸಬರ ಕಣ್ಣು ಇಡೀ ಧಾರೆಯನ್ನು ಒಂದು ಬಿಳಿ ಪಟ್ಟಿಯಾಗಿ ನೋಡುತ್ತದೆ, ಬೇಗ ದಣಿಯುತ್ತದೆ. ಇದಕ್ಕೆ ಒಂದು ಉಪಾಯವಿದೆ. ಧಾರೆ ಅಂಚು ಬಿಡುವಲ್ಲಿ ಒಂದೇ ಒಂದು ನೀರಿನ ಗೊಂಚಲನ್ನು ಆರಿಸಿಕೊಂಡು, ಅದು ಕೆಳಗೆ ಮುಟ್ಟುವವರೆಗೆ ಕಣ್ಣಿನಿಂದ ಬೆನ್ನಟ್ಟಬೇಕು. ಗೊಂಚಲು ಹರಡಿ, ಬಾಲ ಬಿಟ್ಟು, ಬಂಡೆಯ ಮೂಗಿಗೆ ತಾಗಿ ಸಿಡಿದು, ಗಾಳಿಗೆ ಸಿಕ್ಕಿದ ಪಾಲು ಹೊಗೆಯಾಗಿ ಪಕ್ಕಕ್ಕೆ ಸರಿಯುತ್ತದೆ. ಹತ್ತಾರು ಸಲ ಹೀಗೆ ಮಾಡಿದರೆ ಧಾರೆಯೊಳಗಿನ ಹಾದಿಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಯಾವುದೂ ಪಕ್ಕದ್ದರಂತಿಲ್ಲ.

ಎರಡನೆಯದು ಬೆಂಬಿಡದೆ ದಿಟ್ಟಿಸುವ ಆಟ. ಧಾರೆಯ ನಡುವಿನ ಒಂದು ಜಾಗದ ಮೇಲೆ ಅರ್ಧ ನಿಮಿಷದಿಂದ ಒಂದು ನಿಮಿಷ ಕಣ್ಣು ನೆಟ್ಟು, ತಟ್ಟನೆ ಪಕ್ಕದ ಬಂಡೆಯತ್ತ ನೋಡಬೇಕು. ಬಂಡೆ ಮೇಲಕ್ಕೆ ಸರಿಯುತ್ತದೆ! 1834ರಲ್ಲಿ ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತದ ಮುಂದೆ ನಿಂತ ರಾಬರ್ಟ್ ಆಡಮ್ಸ್ ಇದನ್ನು ಕಂಡು ಬರೆದರು, ಮುಂದೆ ಇದಕ್ಕೆ ಜಲಪಾತ ಭ್ರಮೆ ಎಂದೇ ಹೆಸರಾಯಿತು. ಕೆಳಮುಖ ಚಲನೆಯನ್ನು ಗುರುತಿಸುವ ನರಕೋಶಗಳು ದಣಿದಾಗ ಮೇಲ್ಮುಖದವುಗಳ ಕೈ ಮೇಲಾಗುವುದರಿಂದ ಹೀಗಾಗುತ್ತದೆ. ಜೊತೆಯಲ್ಲಿ ಬಂದ ಮಕ್ಕಳನ್ನು ಹಿಡಿದಿಡಲು ಇದಕ್ಕಿಂತ ಒಳ್ಳೆಯ ಆಟವಿಲ್ಲ, ಖರ್ಚೂ ಇಲ್ಲ.

ಕಾಮನಬಿಲ್ಲಿನ ಗುಟ್ಟು ಸರಳ: ಬಿಸಿಲು ಬೆನ್ನಿಗೆ, ತುಂತುರು ಎದುರಿಗೆ ಇರಬೇಕು. ಬಿಲ್ಲು ಮೂಡುವುದು ನಮ್ಮ ತಲೆಯ ನೆರಳಿನ ಸುತ್ತ ಸುಮಾರು 42 ಡಿಗ್ರಿ ಕೋನದಲ್ಲಿ. ಆದ್ದರಿಂದ ಇಬ್ಬರು ಅಕ್ಕಪಕ್ಕ ನಿಂತರೂ ಇಬ್ಬರು ಕಾಣುವುದು ಬೇರೆ ಬೇರೆ ಬಿಲ್ಲು. ಒಂದು ಜಾಗದಲ್ಲಿ ಕಾಣದಿದ್ದರೆ ನಾಲ್ಕು ಹೆಜ್ಜೆ ಆಚೀಚೆ ನಡೆದು ನೋಡಬೇಕು.

ಧಾರೆ ತೆಳುವಾದ ದಿನಗಳಲ್ಲಿ ನೋಡಬೇಕಾದದ್ದು ಬಂಡೆಯನ್ನು. ಬಾಬಾ ಬುಡನ್ ಸಾಲಿನ ಶಿಲೆಗಳು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯವು, ಭೂಮಿಯ ಮೇಲೆ ಕಾಡುಗಳೇ ಹುಟ್ಟದಿದ್ದ ಕಾಲದವು. ಅವುಗಳಲ್ಲಿ ಕಬ್ಬಿಣದ ಅದಿರಿನ ಪದರಗಳಿವೆ. ಕೆಮ್ಮಣ್ಣುಗುಂಡಿಯ ಕೆಂಪು ಅದರದ್ದೇ. 1923ರಲ್ಲಿ ಶುರುವಾದ ಭದ್ರಾವತಿಯ ಕಬ್ಬಿಣ ಕಾರ್ಖಾನೆಗೆ ಅದಿರು ಇಳಿದು ಹೋಗುತ್ತಿದ್ದುದು ಇಲ್ಲಿಂದಲೇ. ಹಳ್ಳವೊಂದು ಬೆಟ್ಟ ಕೊರೆಯುವಾಗ ಮೆತ್ತನೆಯ ಪದರ ಬೇಗ ಸವೆಯುತ್ತದೆ, ಗಟ್ಟಿಯದು ಮೆಟ್ಟಿಲಾಗಿ ಉಳಿಯುತ್ತದೆ. ಯಾವ ಜಲಪಾತದ ಮುಂದೆ ನಿಂತರೂ ನೀರು ಎಲ್ಲಿ ಬಂಡೆಯನ್ನು ಬಿಟ್ಟು ಹಾರುತ್ತದೆ, ಎಲ್ಲಿ ಮೈಗೆ ಅಂಟಿ ಜಾರುತ್ತದೆ ಎಂದು ಗುರುತಿಸಿದರೆ ಆ ಬೆಟ್ಟದ ಒಳಗಿನ ಪದರಗಳ ಅಂದಾಜು ಸಿಗುತ್ತದೆ.

ಈ ಕಾರಣಕ್ಕೇ ಎತ್ತರದ ಪೈಪೋಟಿ ರಸಿಕರ ಕೆಲಸವಲ್ಲ. ಜೋಗದ 253 ಮೀಟರಿನ ಮುಂದೆ ಹೆಬ್ಬೆ ಚಿಕ್ಕದು ಎನ್ನುವವರು ಅಲ್ಲಿಗೇ ನಿಲ್ಲುತ್ತಾರೆ. ಜೋಗದ ರಾಜ ಒಂದೇ ನೆಗೆತಕ್ಕೆ ಪ್ರಪಾತಕ್ಕಿಳಿಯುತ್ತಾನೆ, ನೋಡುವವರು ಎದುರಿನ ದಡದಲ್ಲಿ ದೂರ ನಿಂತಿರುತ್ತಾರೆ. ಹೆಬ್ಬೆಯಲ್ಲಿ ಕಾಡು ಹತ್ತಿರಕ್ಕೆ ಒತ್ತಿಕೊಂಡಿದೆ, ನೋಡುವವರು ಬುಡದಲ್ಲೇ ನಿಂತು ಕತ್ತೆತ್ತಬೇಕು, ಮೈ ಒದ್ದೆಯಾಗಬೇಕು. ದೊಡ್ಡದು ಚಿಕ್ಕದು ಎಂಬ ಜೋಡಿಯೂ ಇಲ್ಲಿಯ ಸೊಗಸು. ಜೋಡಿ ಕಂಡಲ್ಲೆಲ್ಲ ಜನ ಸಂಸಾರ ಕಾಣುತ್ತಾರೆ: ಜೋಗದಲ್ಲಿ ರಾಜ, ರಾಣಿ, ಕೆರಿಬಿಯನ್ ಸಮುದ್ರದ ಪುಟ್ಟ ದ್ವೀಪ ಡೊಮಿನಿಕಾದ ಟ್ರಫಾಲ್ಗರ್ ಜಲಪಾತದಲ್ಲಿ ಎತ್ತರದ್ದು ಅಪ್ಪ, ಗಿಡ್ಡದ್ದು ಅಮ್ಮ.

ನೋಡುವುದನ್ನು ಕಲಿಸುವ ಗುರು ಬೇಕೆಂದರೆ ಜಪಾನಿನ ಹೊಕುಸಾಯಿ ಇದ್ದಾನೆ. 1833ರ ಸುಮಾರಿಗೆ ಅವನು ತನ್ನ ನಾಡಿನ ಜಲಪಾತಗಳನ್ನೇ ವಸ್ತುವಾಗಿಟ್ಟುಕೊಂಡು ಎಂಟು ಮರದಚ್ಚಿನ ಚಿತ್ರಗಳನ್ನು ರಚಿಸಿದ. ಎಂಟರಲ್ಲೂ ನೀರು ಬೇರೆ. ಕಿರಿಫುರಿಯಲ್ಲಿ ಅದು ಮರದ ಬೇರುಗಳಂತೆ ಕವಲೊಡೆದು ಇಳಿಯುತ್ತದೆ. ಅಮಿದಾ ಜಲಪಾತದ ಚಿತ್ರದಲ್ಲಿ, ನೀರಿನ ಪಕ್ಕದ ಬಂಡೆಯ ಚಾಚಿನ ಮೇಲೆ ಕೆಲವರು ಚಾಪೆ ಹಾಸಿ, ಒಲೆ ಹೂಡಿ, ಆರಾಮವಾಗಿ ಕುಳಿತಿದ್ದಾರೆ. ಯಾರಿಗೂ ಹೊರಡುವ ಅವಸರವಿಲ್ಲ. ಹೆಬ್ಬೆಯಲ್ಲಿ ಒಲೆ ಹೂಡುವಂತಿಲ್ಲ, ಬುತ್ತಿ ಬಿಚ್ಚಿ ಕೂರಲು ಅಡ್ಡಿಯಿಲ್ಲ. ಜೀಪಿನವರು ಎಷ್ಟು ಹೊತ್ತು ಕಾಯುತ್ತಾರೆಂದು ಮೊದಲೇ ಮಾತಾಡಿಕೊಂಡಿರಬೇಕು, ಅಷ್ಟೆ. ಈ ಒಂದು ಮಾತುಕತೆಯ ಮೇಲೆ ಇಡೀ ದಿನದ ರಸಾನುಭವ ನಿಂತಿದೆ ಎಂದರೂ ಉತ್ಪ್ರೇಕ್ಷೆಯಲ್ಲ.

ಯಾವಾಗ ಬರಬೇಕು? ಮೊದಲ ಭೇಟಿಗೆ ಅಕ್ಟೋಬರ್, ನವೆಂಬರ್. ಮಳೆಯ ರಭಸ ಇಳಿದಿರುತ್ತದೆ, ನೀರು ತಿಳಿಯಾಗಿರುತ್ತದೆ, ಧಾರೆ ಇನ್ನೂ ಮೈತುಂಬಿಕೊಂಡಿರುತ್ತದೆ. ಜುಲೈಯ ಹೆಬ್ಬೆ ಭವ್ಯ, ಆದರೆ ಆಗ ಕಾಣುವುದಕ್ಕಿಂತ ಮುಸುಕಿದ್ದೇ ಹೆಚ್ಚು, ಅಪಾಯವೂ ಹೆಚ್ಚು. ರುಚಿ ಹತ್ತಿದವರು ಫೆಬ್ರವರಿಯಲ್ಲಿ ಇನ್ನೊಮ್ಮೆ ಬರಲಿ. ಮೊದಲು ನೀರು ಮುಚ್ಚಿಟ್ಟಿದ್ದನ್ನೆಲ್ಲ ಬಂಡೆ ಆಗ ತೋರಿಸುತ್ತದೆ.

ಮಡುವಿಗೆ ಇಳಿಯುವ ವಿಚಾರದಲ್ಲಿ ಸಡಿಲ ಬೇಡ. ಪಾಚಿಗಟ್ಟಿದ ಕಲ್ಲು ಯಾರ ಮುಲಾಜನ್ನೂ ನೋಡುವುದಿಲ್ಲ. ಬುಡದಲ್ಲಿ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಮಳೆಯಾಗಿರಬಹುದು. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾದರೆ, ತರಗೆಲೆ ಕಡ್ಡಿಗಳು ತೇಲಿಬಂದರೆ, ಒಡನೆ ಮೇಲೇರಬೇಕು. ಈ ನೀರಿಗೆ ಗಿಡಮೂಲಿಕೆಗಳ ಸತ್ವವಿದೆ, ಮಿಂದರೆ ಕಾಯಿಲೆ ವಾಸಿಯಾಗುತ್ತದೆ ಎಂಬ ನಂಬಿಕೆ ಈ ಕಡೆ ಇದೆ. ನಂಬುವವರು ಅಂಚಿನಲ್ಲಿ ಕೂತು ತಲೆಗೆ ನಾಲ್ಕು ಬೊಗಸೆ ಹಾಕಿಕೊಂಡರೂ ಆ ಸತ್ವ ದಕ್ಕೀತು.

ಇಲ್ಲಿ ಬಿದ್ದ ನೀರು ಭದ್ರೆಯ ಪಾಲು. ಲಕ್ಕವಳ್ಳಿಯ ಜಲಾಶಯ ಸೇರಿ, ಕೂಡಲಿಯಲ್ಲಿ ತುಂಗೆಯನ್ನು ಕೂಡಿ ಮುಂದೆ ಸಾಗುತ್ತದೆ. ಇದೇ ಬೆಟ್ಟಸಾಲಿನ ಮೂಡಣ ಮೈಯಿಂದ ಇಳಿಯುವ ವೇದಾ, ಅವತಿಗಳ ಕಥೆ ಬೇರೆ. ಅವು ಅಯ್ಯನಕೆರೆ, ಮದಗದ ಕೆರೆಗಳನ್ನು ತುಂಬಿಸಿ, ಕಡೂರಿನ ಬಯಲಿಗೆ ಬಂದು ವೇದಾವತಿಯಾಗಿ ಹಿರಿಯೂರಿನತ್ತ ಹೋಗುತ್ತವೆ. ಒಂದು ಕಡೆ ಇಂಬಳ, ಇನ್ನೊಂದು ಕಡೆ ತೆಂಗು, ರಾಗಿ, ಮಳೆಗೆ ಕಾಯುವ ಕೆರೆ. ಸಮಯವಿರುವವರು ಕಡೂರಿನ ಕಡೆಯಿಂದ ಹಿಂದಿರುಗಿದರೆ ಬೆಟ್ಟದ ಎರಡೂ ಮುಖ ನೋಡಿದಂತಾಗುತ್ತದೆ.

ತರೀಕೆರೆಯ ಮೂಲಕವೇ ಹಿಂದಿರುಗುವವರಿಗೆ ಎರಡು ನಿಲುಗಡೆಗಳಿವೆ. ಮೊದಲನೆಯದು ಕಲ್ಲತ್ತಿಗಿರಿ, ವೀರಭದ್ರನ ಗುಡಿಯ ಎದುರಿಗೇ ನೀರು ಸುರಿಯುವ ಜಾಗ. ಹೆಬ್ಬೆಯಲ್ಲಿ ಕಲಿತ ಕಣ್ಣಿಗೆ ಇಲ್ಲಿ ಒಳ್ಳೆಯ ಕೆಲಸ, ಏಕೆಂದರೆ ಈ ನೀರು ಹಾರುವುದಕ್ಕಿಂತ ಬಂಡೆಯ ಮೇಲೆ ಹರಿದಾಡುವುದೇ ಹೆಚ್ಚು. ಭಾನುವಾರ ಬಿಟ್ಟು ಬೇರೆ ದಿನ ಬಂದರೆ ಜನಜಂಗುಳಿ ಕಡಿಮೆ. ಎರಡನೆಯದು ತರೀಕೆರೆ ಪೇಟೆಗೆ ಹತ್ತಿರದ ಅಮೃತಾಪುರ. ಹೊಯ್ಸಳ ಎರಡನೆಯ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮಿತ ದಂಡನಾಯಕ ಕಟ್ಟಿಸಿದ ಅಮೃತೇಶ್ವರ ದೇವಾಲಯ ಅಲ್ಲಿದೆ. ರೂವಾರಿ ಮಲ್ಲಿತಮ್ಮನ ಆರಂಭದ ಕೆಲಸವನ್ನು ಅದರ ಮೇಲೆ ಗುರುತಿಸುತ್ತಾರೆ. ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ, ಹೊರಗೋಡೆಯ ಶಿಲ್ಪ ನೋಡಲು ಸಂಜೆಯ ಓರೆಬಿಸಿಲು ಒಳ್ಳೆಯದು. ಒದ್ದೆ ಬಟ್ಟೆ ಬದಲಿಸಿಕೊಂಡು ಹೋಗುವುದು ಮರ್ಯಾದೆ.